ಪಿಯಾನೋದ ಎಡಬದಿಯ ಕುರ್ಚಿ

ಪಶ್ಚಿಮ ಒಹಾಯೋದ ನಮ್ಮ ಈ ಜೋಳದ ಸೀಮೆಯಲ್ಲಿ ಸಂಗೀತ ರಂಗಭೂಮಿ ಎಂಬುದೂ ಕ್ರಮವಾಗಿ ಕಲಿಯಬೇಕಾದ ಒಂದು ವಿದ್ಯೆ, ಹಾಡು, ಕುಣಿತ, ಅಭಿನಯ ಮೂರನ್ನೂ ಒಂದೇ ದೇಹದಲ್ಲಿ ಪಳಗಿಸುವ ಆ ಕಷ್ಟದ ಕಲೆಗೆ ಮೀಸಲಾದ ಕಾಲೇಜುಗಳ ಬಾಗಿಲನ್ನು ಹೈನುಗಾರರ ಮಕ್ಕಳೂ ಧೈರ್ಯವಾಗಿ ತಟ್ಟಬಹುದು ಎಂದು ಮೂವತ್ತೊಂದು ವರ್ಷ ನಂಬಿ, ನಂಬಿದ್ದನ್ನು ಮಾಡಿಯೂ ತೋರಿಸಿದವರು ಓಸ್ಟರ್‌ಫೆಲ್ಡ್ ಪ್ರೌಢಶಾಲೆಯ ಗಾಯನ ಮತ್ತು ನಾಟಕದ ಶಿಕ್ಷಕಿ ಶ್ರೀಮತಿ ಬರ್ನಡೀನ್ ಹೊಯಿಂಗ್ ಅವರು. ಸುತ್ತಲಿನ ಶಾಲೆಗಳ ಮಕ್ಕಳು ಹನ್ನೆರಡನೇ ತರಗತಿಯ ಅಕ್ಟೋಬರಿನಲ್ಲಿ ಎಚ್ಚೆತ್ತು, ಜನವರಿಯಲ್ಲಿ ಗಾಬರಿಯಾಗಿ, ಫೆಬ್ರವರಿಯ ಕಾಲೇಜು ಆಡಿಷನ್ನಿನಲ್ಲಿ ಗಂಟಲು ಕಟ್ಟಿಸಿಕೊಂಡು ಮನೆಗೆ ಬರುತ್ತಿದ್ದ ಕಾಲದಲ್ಲಿ, ಹೊಯಿಂಗ್ ಅವರು ಒಂಬತ್ತನೇ ತರಗತಿಯ ಮೊದಲ ವಾರದಲ್ಲೇ ಕೆಲಸ ಶುರುಮಾಡುತ್ತಿದ್ದರು. ಬಾಯಾರಿದಾಗ ಬಾವಿ ತೋಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಅವರು ಇದೇ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಸಂದರ್ಭದ ಈ ಅಭಿನಂದನ ಗ್ರಂಥಕ್ಕೆ ನಾನೂ ಬರೆಯಬೇಕೆಂದು ಸಂಪಾದಕರು ಕೇಳಿದಾಗ ಮೊದಲು ಒಲ್ಲೆನೆಂದೆ. ನಾನು ಬರಹಗಾರನಲ್ಲ, ವರ್ನ್ ಕ್ಲಾಸೆನ್ ಎಂದರೆ ಸೇಂಟ್ ಹೆಡ್ವಿಗ್ ಚರ್ಚಿನ ಆರ್ಗನ್ ನುಡಿಸುವವನು, ಶಾಲೆಯಲ್ಲಿ ಪಿಯಾನೋ ಬಾರಿಸುವವನು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು ಎಂದು ಊರಿಗೆಲ್ಲ ಗೊತ್ತು. ಆದರೆ ಇಷ್ಟು ಹತ್ತಿರದಿಂದ ಇಷ್ಟು ವರ್ಷ ಅವರ ಕೆಲಸವನ್ನು ಕಂಡವರು ಬೇರೆ ಯಾರೂ ಇಲ್ಲ ಎಂಬುದು ನಿಜ. ಇನ್ನೊಂದು ಕಾರಣವೂ ಇದೆ. ಅದನ್ನು ಮುಚ್ಚಿಡಲು ಈ ಲೇಖನ ಬರೆಯುತ್ತಿಲ್ಲ, ಆದ್ದರಿಂದ ಅದು ಬರುವಲ್ಲಿ ಬರಲಿ.

1993ರ ಶರತ್ಕಾಲ. ಕುಸ್ತಿ ತಂಡದ ಚಾಪೆಗಳನ್ನು ಒಟ್ಟಿದ್ದ ಕೋಣೆಯೊಂದನ್ನು ಆಗಷ್ಟೇ ಸೇರಿದ್ದ ಅವರಿಗೆ ಸಂಗೀತಕ್ಕೆಂದು ಕೊಟ್ಟಿದ್ದರು. ಅವರು ಚಾಪೆಗಳನ್ನು ತಾವೇ ಎಳೆದು ಹೊರಗೆ ಹಾಕುತ್ತಿದ್ದಾಗ ನಾನು ಒಳಗೆ ಹೋದೆ. ಅದಕ್ಕೂ ಮುನ್ನ ಆರು ವರ್ಷದಲ್ಲಿ ನಾಲ್ವರು ಶಿಕ್ಷಕರು ಬಂದು ಹೋಗಿದ್ದರಿಂದ ನನಗೆ ಹೊಸಬರ ಮೇಲೆ ಭರವಸೆ ಇರಲಿಲ್ಲ. "ನೀವೆಷ್ಟು ದಿನ ಇರ್ತೀರಿ?" ಎಂದೇ ಕೇಳಿದೆ. ಅವರು ಬೆವರೊರೆಸಿಕೊಂಡು, "ನೀವು ಬಿಟ್ಟು ಹೋಗೋ ತನಕ" ಎಂದರು.

ನಾನು ಬಿಟ್ಟು ಹೋದದ್ದೂ ಉಂಟು. 1998ರಲ್ಲಿ ಒಬ್ಬ ಹುಡುಗ ಎಲ್ಲರೆದುರು ನಾನು ಪಿಯಾನೋ ನುಡಿಸುವ ವೇಗ ನಿಧಾನ ಎಂದ. ನಾನು ಪಿಯಾನೋದ ಮುಚ್ಚಳ ಹಾಕಿ ಎದ್ದು ನಡೆದೆ, ಹನ್ನೊಂದು ದಿನ ಆ ಕಡೆ ತಲೆ ಹಾಕಲಿಲ್ಲ. ಹನ್ನೆರಡನೆಯ ದಿನ ಹೊಯಿಂಗ್ ಅವರು ರೂಬಾರ್ಬ್ ದಂಟಿನ ಸಿಹಿ ಪೈ ಮಾಡಿಕೊಂಡು ನಮ್ಮ ಮನೆಗೆ ಬಂದರು. ಸಮಾಧಾನ ಹೇಳುತ್ತಾರೆಂದು ನಾನು ಮುಖ ಬಿಗಿದು ಕೂತಿದ್ದೆ. "ಆ ಹುಡುಗ ಹೇಳಿದ್ದು ಸರೀನೇ ವರ್ನ್, ನೀನು ನಿಧಾನ. ಆದ್ರೂ ಬಾ" ಎಂದರು. ಪೈ ಚೆನ್ನಾಗಿತ್ತು. ಮರುದಿನ ಹೋದೆ.

ಹೊಯಿಂಗ್ ಅವರ ಶಿಕ್ಷಣಕ್ರಮದ ಬಗ್ಗೆ ಈ ಗ್ರಂಥದಲ್ಲಿ ವಿದ್ವಾಂಸರು ಬರೆಯುತ್ತಾರೆ. ನಾನು ಕಂಡದ್ದು ಒಂದು ಕುರ್ಚಿಯನ್ನು. ಪಿಯಾನೋದ ಎಡಬದಿಗೆ, ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ, ಅವರು ಒಂದು ಮಡಚುವ ಕುರ್ಚಿ ಹಾಕಿಸಿದ್ದರು. ಸಂಗೀತ ರಂಗಭೂಮಿಯನ್ನು ಕಾಲೇಜಿನಲ್ಲಿ ಓದುತ್ತೇನೆಂದು ಹೇಳಿಕೊಂಡು ಬಂದ ಒಂಬತ್ತನೇ ತರಗತಿಯ ಪ್ರತಿಯೊಂದು ಮಗುವೂ ಮೊದಲ ವರ್ಷ ಪೂರ್ತಿ ಆ ಕುರ್ಚಿಯಲ್ಲಿ ಕೂತು ನನಗೆ ಪುಟ ತಿರುವಿ ಕೊಡಬೇಕು. ವೃಂದದಲ್ಲಿ ದನಿಗೂಡಿಸಬಹುದೇ ಹೊರತು ಒಂಟಿಯಾಗಿ ಹಾಡುವಂತಿಲ್ಲ. ಅದು ಅವರ ಕಡ್ಡಾಯದ ನಿಯಮ.

2009ರ ಸೆಪ್ಟೆಂಬರಿನಲ್ಲಿ ಮಾರೆನ್ ಡೆಟ್‌ವೈಲರ್ ಬಂದಳು. ಎತ್ತರದ ಹುಡುಗಿ, ಕಂಚಿನ ಕಂಠ. ಬಾಗಿಲಲ್ಲೇ ನಿಂತು ಹೇಳಿದಳು: "ಮಿಸೆಸ್ ಎಚ್, ನಾನು ಕಾಲೇಜಲ್ಲಿ ಇದನ್ನೇ ಓದ್ಬೇಕು." ಶಾಲೆಯ ಮಕ್ಕಳೆಲ್ಲ ಅವರನ್ನು ಕರೆಯುತ್ತಿದ್ದುದು ಹಾಗೆಯೇ.

"ಸರಿ, ಆ ಕುರ್ಚೀಲಿ ಕೂತ್ಕೋ."

"ಹಾಡೋದು ಯಾವಾಗ?"

"ಮುಂದಿನ ವರ್ಷ."

ಮಾರೆನ್ ಸುಮ್ಮನೆ ಕೂತಳು. ಅವಳಪ್ಪ ಗ್ಲೆನ್ ಸುಮ್ಮನಿರಲಿಲ್ಲ. ಗ್ಲೆನ್ ಡೆಟ್‌ವೈಲರ್ ನಮ್ಮೂರಿನ ರಸ್ತೆ ಇಲಾಖೆಯಲ್ಲಿ ಚಳಿಗಾಲಕ್ಕೆ ಹಿಮ ತಳ್ಳುವ ಲಾರಿ ಓಡಿಸುವವನು, ಒಬ್ಬಳೇ ಮಗಳು. ಮರುದಿನವೇ ಬಂದು, "ನನ್ನ ಮಗಳು ಪುಟ ತಿರುವೋಕಾ ಹುಟ್ಟಿರೋದು?" ಎಂದು ಕೇಳಿದ.

"ಗ್ಲೆನ್, ನೀವು ಲಾರಿ ಹತ್ತಿದ ದಿನವೇ ಸ್ಟೀರಿಂಗ್ ಹಿಡಿದ್ರಾ?"

"ಇಲ್ಲ. ಒಂದು ಚಳಿಗಾಲ ಪಕ್ಕದಲ್ಲಿ ಕೂತಿದ್ದೆ."

"ಏನು ಮಾಡ್ತಾ?"

"ಡ್ರೈವರ್‌ಗೆ ಎಲ್ಲೆಲ್ಲಿ ಕಾಣಲ್ಲ ಅಂತ ನೋಡ್ತಾ" ಎಂದವನು ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದು ನಕ್ಕುಬಿಟ್ಟ. ಅಂದಿನಿಂದ ಅವನಷ್ಟು ದೊಡ್ಡ ಭಕ್ತ ಹೊಯಿಂಗ್ ಅವರಿಗೆ ಊರಲ್ಲಿ ಇನ್ನೊಬ್ಬನಿರಲಿಲ್ಲ.

ಆ ವರ್ಷ ಪೂರ್ತಿ ಮಾರೆನ್ ನನ್ನ ಎಡಕ್ಕೆ ಕೂತಳು. ಹಾಡುವವರು ಉಸಿರು ಮರೆತಾಗ ಪಿಯಾನೋದವನು ಹೇಗೆ ಕಾಯುತ್ತಾನೆ, ಸ್ವರಲಿಪಿಯಲ್ಲಿ ಎಲ್ಲಿಂದ ಎಲ್ಲಿಗೆ ಹಾರಬೇಕೆಂಬ ಗುರುತಿಲ್ಲದಿದ್ದರೆ ಅವನು ಹೇಗೆ ದಿಕ್ಕುಗೆಡುತ್ತಾನೆ ಎಂಬುದನ್ನೆಲ್ಲ ನೋಡಿದಳು. ನನ್ನ ಗೊಣಗಾಟವನ್ನೂ ಕೇಳಿಸಿಕೊಂಡಳು. ಬಿಡುವಿದ್ದಾಗ ನನ್ನ ಎಡಗೈಯ ಸಾಲುಗಳನ್ನು ತಾನೂ ಒಂದು ಕೈಯಲ್ಲಿ ನುಡಿಸಿ ನೋಡುತ್ತಿದ್ದಳು. ಎರಡನೇ ವರ್ಷ ಹೊಯಿಂಗ್ ಅವರು ಅವಳನ್ನು ಹಳೆಯ ಬ್ಯಾಂಕಿನ ಮಹಡಿಯ ಬ್ಯಾಲೆ ತರಗತಿಗೆ ಅಟ್ಟಿದರು. ಮೊದಲಿನಿಂದ ಕಲಿಯುವವರಿಗೆ ಅಲ್ಲಿದ್ದುದು ಒಂದೇ ತರಗತಿ, ಆರು ವರ್ಷದ ಮಕ್ಕಳದ್ದು. ಕ್ರಿಸ್‌ಮಸ್ ಪ್ರದರ್ಶನದಲ್ಲಿ ಮೊಣಕಾಲೆತ್ತರದ ಹಿಮದ ಹೂವಿನ ವೇಷದ ಹನ್ನೆರಡು ಮಕ್ಕಳ ನಡುವೆ ಮಾರೆನ್ ಹದಿಮೂರನೆಯ ಹೂವಾಗಿ ನಿಂತಳು. "ಇದು ಹೂವಲ್ಲ, ಹಿಮದ ಗುಡ್ಡೆ. ಲಾರಿ ತರ್ಲಾ?" ಎಂದು ಗ್ಲೆನ್ ಸಭೆಗೆಲ್ಲ ಕೇಳುವಂತೆ ಅಂದ. ಮಾರೆನ್ ವೇದಿಕೆಯ ಮೇಲಿಂದಲೇ ಅವನತ್ತ ನಾಲಗೆ ಚಾಚಿದಳು. ಹೊಯಿಂಗ್ ಅವರು ಅದಕ್ಕೆ ಬೈದರು, ಕುಣಿತಕ್ಕೆ ಬೈಯಲಿಲ್ಲ.

ಅವರ ಉಪಕಾರಗಳ ಪಟ್ಟಿ ಕೊಡುವುದು ನನ್ನಿಂದಾಗದು, ಯಾಕೆಂದರೆ ಬಹಳಷ್ಟನ್ನು ಅವರು ಸುಳ್ಳು ಹೇಳಿ ಮಾಡುತ್ತಿದ್ದರು. ತರಗತಿಯ ಕಪಾಟಿನಲ್ಲಿ ಕುಣಿತದ ಶೂಗಳಿರುತ್ತಿದ್ದವು. ಯಾವ ಮಗುವಿನ ಮನೆಯಲ್ಲಿ ಶೂ ಕೊಳ್ಳುವುದು ಕಷ್ಟವೋ ಆ ಮಗುವಿಗೆ, "ಯಾರೋ ಬಿಟ್ಟು ಹೋಗಿದ್ರು, ನಿನಗಾಗುತ್ತಾ ನೋಡು" ಎಂದು ಕೊಡುತ್ತಿದ್ದರು. ಬಿಟ್ಟುಹೋದ ಶೂಗಳಿಗೆ ಅಂಗಡಿಯ ವಾಸನೆ ಹೋಗಿರುತ್ತಿರಲಿಲ್ಲ. ಆಗುತ್ತಿದ್ದುದಂತೂ ಯಾವಾಗಲೂ ಸರಿಯಾಗಿಯೇ ಆಗುತ್ತಿತ್ತು.

ಮೂರನೇ ವರ್ಷ ಫೈಲು. ಆಡಿಷನ್ನಿಗೆ ಹೋಗುವ ಮಗು ತನ್ನ ಹಾಡುಗಳ ಸ್ವರಲಿಪಿಯನ್ನು ಒಂದು ಫೈಲಿನಲ್ಲಿ ಜೋಡಿಸಿಕೊಂಡು ಹೋಗುತ್ತದೆ. ಅಲ್ಲಿ ಕಾದಿರುವ ಅಪರಿಚಿತ ಪಿಯಾನೋ ವಾದಕನ ಮುಂದೆ ಅದನ್ನಿಟ್ಟು, ಮೆಲ್ಲನೆ ಹಾಡಿನ ವೇಗ ತೋರಿಸಿ, ಒಂದೂವರೆ ನಿಮಿಷ ಹಾಡಿ ಹೊರಬರುತ್ತದೆ. ನಾಲ್ಕು ವರ್ಷದ ಪಾಡು ಆ ಒಂದೂವರೆ ನಿಮಿಷಕ್ಕೆ. ಫೈಲಿನ ವಿಷಯದಲ್ಲಿ ಹೊಯಿಂಗ್ ಅವರು ಮಡಿವಂತರು. ಹಾಳೆ ಬೆಳಕಿಗೆ ಹೊಳೆಯಕೂಡದು, ಆರಂಭ ಮುಕ್ತಾಯಗಳ ಗುರುತು ಸ್ಪಷ್ಟವಿರಬೇಕು, ಎಡಗೈಗೆಂದು ಕೆಳಗೆ ಬರೆದ ಸಾಲಿನಲ್ಲಿ ಒಂದು ಸ್ವರವೂ ಕತ್ತರಿಸಿ ಹೋಗಿರಬಾರದು. ಎಲ್ಲಕ್ಕಿಂತ ದೊಡ್ಡ ನಿಯಮ ಕೊನೆಯದು: ಆಡಿಷನ್ನಿಗೆ ಎರಡು ವಾರ ಮುಂಚೆ ಪ್ರತಿಯೊಂದು ಹಾಡನ್ನೂ ಅದನ್ನು ಕಂಡೇ ಇರದ ಬೇರೆ ಕೈಯೊಂದು ನುಡಿಸಿ ನೋಡಬೇಕು. ಆ ಬೇರೆ ಕೈ ಲೂಥರನ್ ಚರ್ಚಿನ ಆಲ್ಮಾ ರೀಸ್ ಅವರದು. ಆಲ್ಮಾ ಅವರು ಪಿಯಾನೋ ನುಡಿಸುವುದನ್ನು ಕೇಳಿದರೆ ಪಕ್ಕದ ಕೋಣೆಯಲ್ಲಿ ಯಾರೋ ಕೋಸು ಹೆಚ್ಚುತ್ತಿದ್ದಾರೆ ಅನ್ನಿಸುತ್ತದೆ. ನನ್ನ ಕೆಲಸವನ್ನು ಆಕೆ ಪರೀಕ್ಷಿಸುವುದೆಂದರೆ ನನಗೆ ಮೈಯೆಲ್ಲ ಉರಿ.

ಮಾರೆನ್ ಹನ್ನೆರಡನೇ ತರಗತಿಯಲ್ಲಿದ್ದ ಜನವರಿ. ಅವಳು ಒಂಬತ್ತರಿಂದಲೂ ಮನಸ್ಸಿಟ್ಟಿದ್ದ ಕಾಲೇಜೊಂದು ಶಿಕಾಗೋದಲ್ಲಿ ನಡೆಯುವ ಆಡಿಷನ್ನಿಗೆ ಅವಳನ್ನು ಕರೆದಿತ್ತು. ಸಾವಿರದ ಮೇಲೆ ಮಕ್ಕಳು ಬಯಸಿ ಹದಿನಾರು ಮಂದಿ ಮಾತ್ರ ಒಳಹೋಗುವ ಜಾಗ. ಆ ಹೊತ್ತಿಗೆ ಸರಿಯಾಗಿ ಅವಳಿಗೆ ನೆಗಡಿ ಹಿಡಿದು ಮೇಲಿನ ಸ್ವರ ಹತ್ತದಾಯಿತು. ನಾನು ಕೂತು ಇಡೀ ಹಾಡನ್ನು ಕೆಳಗಿನ ಶ್ರುತಿಗೆ ಇಳಿಸಿ ನನ್ನ ಕೈಯಾರೆ ಬರೆದೆ, ಉದ್ದನೆಯ ಹಾಳೆಯ ಮೇಲೆ. ಶಾಲೆಯ ಜೆರಾಕ್ಸ್ ಯಂತ್ರದಲ್ಲಿ ನಾನೇ ಪ್ರತಿ ತೆಗೆದೆ. ಹೊಯಿಂಗ್ ಅವರು ಆಲ್ಮಾಗೆ ಫೋನ್ ಮಾಡಲು ಹೊರಟಾಗ ನನ್ನ ಮೂಗಿನ ತುದಿ ಕೆಂಪಾಯಿತು.

"ಇಪ್ಪತ್ತು ವರ್ಷ ಆಯ್ತು. ನನ್ನ ಬರವಣಿಗೆ ಮೇಲೂ ನಂಬಿಕೆ ಇಲ್ವಾ?"

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಹನ್ನೊಂದು ದಿನದ ನೆನಪು ಬಂದಿರಬೇಕು. ಫೋನ್ ಕೆಳಗಿಟ್ಟರು. ಇಪ್ಪತ್ತು ವರ್ಷದಲ್ಲಿ ಅವರು ತಮ್ಮ ನಿಯಮ ಸಡಿಲಿಸಿದ್ದು ಅದೊಂದೇ ಸಲ, ಸಡಿಲಿಸಿದ್ದು ನನ್ನ ಮುಖ ನೋಡಿ.

ಉದ್ದನೆಯ ಹಾಳೆ ಯಂತ್ರದ ಕಾಗದಕ್ಕೆ ಹಿಡಿಸಿರಲಿಲ್ಲ. ಎರಡನೇ ಪುಟದ ತಳದಲ್ಲಿ ಎಡಗೈಯ ಸಾಲು ಪೂರ್ತಿ ಕತ್ತರಿಸಿ ಹೋಗಿತ್ತು. ನಾನೇ ಬರೆದ ಹಾಡು ನನಗೆ ಬಾಯಿಪಾಠ. ಎರಡು ವಾರ ದಿನವೂ ಅದೇ ಹಾಳೆ ಮುಂದಿಟ್ಟುಕೊಂಡು ನುಡಿಸಿದರೂ ಅದನ್ನು ನಾನು ನೋಡಲೇ ಇಲ್ಲ. ಹಾಡು ಬಾಯಿಪಾಠವಾದ ಪಿಯಾನೋದವನಿಂದ ಆಗುವ ತಪ್ಪೆಂದರೆ ಇದೇ. ಇದಕ್ಕೆಂದೇ ಅವರು ಆ ನಿಯಮ ಮಾಡಿದ್ದರು.

ಶಿಕಾಗೋದಲ್ಲಿ ಆಡಿಷನ್ ನಡೆದ ಹೋಟೆಲಿನ ಕೋಣೆಯಲ್ಲಿ ಏನಾಯಿತೆಂಬುದನ್ನು ಮಾರೆನ್ ಹೇಳಿ ಎಲ್ಲರಿಗೂ ಗೊತ್ತು. ಮೊದಲ ಪುಟ ಸಲೀಸಾಗಿ ಹೋಯಿತು. ಎರಡನೆಯದರ ತಳಕ್ಕೆ ಬಂದಾಗ ಅಲ್ಲಿನ ವಾದಕನ ಎಡಗೈ ಗಾಳಿಯಲ್ಲಿ ನಿಂತುಬಿಟ್ಟಿತು. ಮಾರೆನ್ ಹಾಡು ನಿಲ್ಲಿಸಲಿಲ್ಲ. ಹಾಡುತ್ತಲೇ ಪಿಯಾನೋದ ಎಡಬದಿಗೆ ನಡೆದು, ಒಂದು ವರ್ಷ ಕೂತು ನೋಡಿದ್ದ ಜಾಗದಲ್ಲೇ ನಿಂತು, ಇಲ್ಲದ ಸಾಲನ್ನು ತನ್ನ ಒಂದು ಕೈಯಿಂದ ನುಡಿಸುತ್ತಾ ಹಾಡು ಮುಗಿಸಿದಳು. ಆಮೇಲೆ ಪರೀಕ್ಷಕರಿಗೆ, "ಹಾಳೆ ಸರಿ ನೋಡ್ಕೊಳ್ದೇ ಇದ್ದಿದ್ದು ನನ್ನ ತಪ್ಪು, ಇವರದ್ದಲ್ಲ" ಎಂದು ವಾದಕನತ್ತ ಕೈ ತೋರಿಸಿ ಹೊರಬಂದಳು. ಪರೀಕ್ಷಕರಲ್ಲಿ ಒಬ್ಬರು ನಕ್ಕರಂತೆ, ಇನ್ನೊಬ್ಬರು ಏನನ್ನೋ ಬರೆದುಕೊಂಡರಂತೆ.

ಸೋಮವಾರ ಸಂಜೆ ಗ್ಲೆನ್ ಆ ಹಾಳೆ ಹಿಡಿದುಕೊಂಡು ಕೋಣೆಗೆ ನುಗ್ಗಿದ. ಮುಖ ಕೆಂಡವಾಗಿತ್ತು. "ಯಾರು ಮಾಡಿದ್ದು ಇದು?"

ನಾನು ಆರು ಹೆಜ್ಜೆ ದೂರದಲ್ಲಿ ಪಿಯಾನೋ ಮುಂದೆ ಕೂತಿದ್ದೆ. ಬಾಯಿ ತೆರೆದೆ ಕೂಡ.

"ನಾನು" ಎಂದರು ಹೊಯಿಂಗ್.

"ನಾಲ್ಕು ವರ್ಷ ಹಾಳೆ ಹಾಳೆ ಅಂತ ಮಕ್ಕಳ ತಲೆ ತಿಂದ್ರಿ. ಕೊನೆಗೆ ಬೇಲೀನೇ ಎದ್ದು ಹೊಲ ಮೇಯ್ತಲ್ಲ."

"ಹೌದು ಗ್ಲೆನ್. ತಪ್ಪಾಯ್ತು."

ಗ್ಲೆನ್ ಹಾಳೆಯನ್ನು ಮೇಜಿನ ಮೇಲೆ ಬಿಸಾಕಿ ಹೋದ. ನನ್ನ ಬಾಯಿ ಇನ್ನೂ ತೆರೆದೇ ಇತ್ತು. ಅದರಿಂದ ಬಂದದ್ದು ಒಂದೇ ಮಾತು: "ಯಾಕೆ ಹಾಗಂದೆ?"

"ನಾಳೆ ನಾಲ್ಕು ಗಂಟೆಗೆ ರಿಹರ್ಸಲ್ ಇದೆ. ಬರ್ತೀಯಾ, ಇಲ್ವಾ?"

"ಬರ್ತೀನಿ."

"ಹಾಗಾದ್ರೆ ಮಾತು ಮುಗೀತು."

ಮಾರ್ಚಿನಲ್ಲಿ ಆ ಕಾಲೇಜು ಆಗುವುದಿಲ್ಲವೆಂದು ಬರೆಯಿತು. ಹಾಳೆಯಿಂದಲೇ ಆಯಿತೋ, ಇಲ್ಲದಿದ್ದರೂ ಹಾಗೇ ಆಗುತ್ತಿತ್ತೋ, ಯಾರಿಗೆ ಗೊತ್ತು? ಕೆಂಟಕಿಯ ಒಂದು ಸಣ್ಣ ಕಾಲೇಜು ಅವಳನ್ನು ಸಂತೋಷದಿಂದ ಕರೆಯಿತು, ಅವಳು ಹೋದಳು, ಬೆಳೆದಳು. ಇಂದು ಊರೂರು ತಿರುಗುವ ತಂಡವೊಂದರಲ್ಲಿ ಹಾಡುತ್ತಾಳೆ. ಆದರೆ ಗ್ಲೆನ್ ಅದನ್ನು ಹೊಟ್ಟೆಗೆ ಹಾಕಿಕೊಳ್ಳಲಿಲ್ಲ. ಈಸ್ಟರಿಗೆ ಮುಂಚಿನ ಶುಕ್ರವಾರಗಳಂದು ಚರ್ಚಿನ ಮೀನೂಟಕ್ಕೆ ಎಲ್ಲರೂ ಸೇರುತ್ತೇವೆ. ಹೊಯಿಂಗ್ ಅವರು ನಿಂತ ಸಾಲಿನಲ್ಲಿ ಗ್ಲೆನ್ ನಿಲ್ಲುತ್ತಿರಲಿಲ್ಲ. ನನ್ನ ಪಕ್ಕಕ್ಕೆ ಬಂದು ಕೂತು, "ದೀಪದ ಬುಡದಲ್ಲೇ ಕತ್ತಲೆ ಕಣೋ ವರ್ನ್" ಎನ್ನುತ್ತಿದ್ದ. ನಾನು ಮೀನು ತಿನ್ನುತ್ತಿದ್ದೆ. ಹೇಳಬೇಕೆಂದು ಪ್ರತಿವರ್ಷ ಅಂದುಕೊಂಡೆ. ತುಟಿ ಪಿಟಕ್ಕೆನ್ನಲಿಲ್ಲ. ನಾಚಿಕೆ ಎಂಬುದು ಹಳೆಯದಾದಷ್ಟೂ ಬಾಯಿಗೆ ಬರುವುದು ಕಷ್ಟ.

ಇನ್ನೊಂದನ್ನೂ ಇಲ್ಲಿ ದಾಖಲಿಸಬೇಕು. ಇಪ್ಪತ್ತು ವರ್ಷ ಒಂದು ದಿನವೂ ತಡಮಾಡದಿದ್ದ ಹೊಯಿಂಗ್ ಅವರು ಆಮೇಲಿನ ಚಳಿಗಾಲಗಳಲ್ಲಿ ಹಿಮ ಬಿದ್ದ ದಿನ ತಡವಾಗಿ ಬರತೊಡಗಿದರು. ಅವರ ಮನೆಯಿರುವ ಮಿಲ್ ರಸ್ತೆಗೆ ಹಿಮ ತಳ್ಳುವ ಲಾರಿ ಬರುವುದು ಕೊನೆಗಾಗಿತ್ತು. ಕಾರು ತೆಗೆಯಲಾಗದೆ, ಮೊಣಕಾಲುದ್ದದ ಬೂಟು ಹಾಕಿಕೊಂಡು, ತರಗತಿಯ ಶೂಗಳನ್ನು ಚೀಲದಲ್ಲಿ ಹಿಡಿದು ಒಂದು ಮೈಲಿ ನಡೆದು ಬರುತ್ತಿದ್ದರು. ಮಕ್ಕಳು ಕೇಳಿದರೆ, "ಯಾರದ್ದೋ ಒಂದು ಬೀದಿ ಕೊನೇದಾಗ್ಲೇಬೇಕಲ್ಲ" ಎಂದು ನಕ್ಕು ಪಾಠ ಶುರುಮಾಡುತ್ತಿದ್ದರು. ನಾನು ಅದನ್ನು ರಸ್ತೆ ಇಲಾಖೆಯ ವಿಷಯವೆಂದು ತಿಳಿದಿದ್ದೆ.

ಈ ಮೇ ತಿಂಗಳ ಬೀಳ್ಕೊಡುಗೆಯ ಸಂಗೀತ ಕಚೇರಿಗೆ ಮಾರೆನ್ ಬಂದಳು, ಅದೇ ಹಾಡನ್ನು ಹಾಡಲು. ಅಭ್ಯಾಸಕ್ಕೆ ನಾವಿಬ್ಬರೇ ಇದ್ದಾಗ ನಾನು ಹೇಳಿದೆ: ಆ ಹಾಳೆ ಕತ್ತರಿಸಿದ್ದು ನಾನು.

"ಗೊತ್ತು ಮಿಸ್ಟರ್ ಕ್ಲಾಸೆನ್."

"ಅವರು ಹೇಳಿದ್ರಾ?"

"ಅವರು ಹೇಳ್ತಾರಾ? ಒಂದು ವರ್ಷ ನಿಮ್ಮ ಎಡಗಡೆ ಕೂತಿದ್ದೆ ನಾನು. ನೀವು ಎರಡನೇ ಪುಟ ನೋಡೋದೇ ಇಲ್ಲ. ನಾನು ತಿರುವೋಕೆ ಮರೆತ್ರೂ ನಿಮಗೆ ಗೊತ್ತಾಗ್ತಿರ್ಲಿಲ್ಲ."

"ಮತ್ತೆ ನಿಮ್ಮಪ್ಪನಿಗೆ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ಮಿಸೆಸ್ ಎಚ್‌ನ ಕಾಪಾಡೋಕೆ ಸುಳ್ಳು ಹೇಳ್ತಿದೀಯ ಅಂದ್ರು. ನೀವೇ ಹೇಳ್ಬೇಕು." ಆಮೇಲೆ ಮೆತ್ತಗೆ ಸೇರಿಸಿದಳು: "ನಾನೂ ಕೇಳಿದ್ದೆ ಮಿಸೆಸ್ ಎಚ್‌ನ, ಯಾಕೆ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಂಡ್ರಿ ಅಂತ. ವರ್ನ್ ಎದ್ದು ಹೋದ್ರೆ ಮುಂದಿನ ವರ್ಷದ ಮಕ್ಕಳು ಯಾರ ಪಕ್ಕ ಕೂತ್ಕೋತಾರೆ ಅಂದ್ರು."

ಆ ಮಗು ಶಿಕಾಗೋದಲ್ಲಿ ತಪ್ಪು ತನ್ನದೆಂದಿತು. ಅವಳ ಗುರು ಇಲ್ಲಿ ತಪ್ಪು ತಮ್ಮದೆಂದರು. ಅದು ನಿಜಕ್ಕೂ ಯಾರದ್ದೋ ಅವನೊಬ್ಬ ಹನ್ನೊಂದು ವರ್ಷ ಸುಮ್ಮನೆ ಪಿಯಾನೋ ಬಾರಿಸಿಕೊಂಡಿದ್ದ. ಹೊಯಿಂಗ್ ಅವರ ಹೆಸರು ಒಂದು ಮನೆಯಲ್ಲಿ ಕೆಟ್ಟಿರುವಾಗಲೇ ಅವರು ನಿವೃತ್ತರಾಗಬಾರದು ಎಂದು ನನಗೆ ಅಂದು ಖಚಿತವಾಯಿತು.

ಆದ್ದರಿಂದ ಈ ಲೇಖನವನ್ನು ಇಲ್ಲಿಯವರೆಗೆ ಬರೆದು, ಸಂಪಾದಕರಿಗೆ ಕಳಿಸುವ ಮುಂಚೆ ಗ್ಲೆನ್‌ನ ಶೆಡ್ಡಿಗೆ ತೆಗೆದುಕೊಂಡು ಹೋದೆ. ಅವನು ಮುಂದಿನ ಚಳಿಗಾಲಕ್ಕೆಂದು ಲಾರಿಯ ಮುಂದಿನ ಅಲಗಿಗೆ ಗ್ರೀಸು ಹಚ್ಚುತ್ತಿದ್ದ. ನಾನು ನಿಂತುಕೊಂಡೇ ಓದಿದೆ. ಅವನು ಕೈ ಒರೆಸಿಕೊಳ್ಳುತ್ತಾ ಕೇಳಿದ. ಮುಗಿದ ಮೇಲೂ ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಲೇ ಇದ್ದ.

"ನೀನಾ?"

"ನಾನೇ."

"ಹನ್ನೊಂದು ಚಳಿಗಾಲ ಮಿಲ್ ರಸ್ತೆ ಕೊನೇಗಿಟ್ಟೆ ಕಣೋ. ಬೇಕಂತಲೇ."

ಅವನು ಕೈ ಒರೆಸಿದ ಬಟ್ಟೆಯನ್ನು ಅಲಗಿನ ಮೇಲೆ ಎಸೆದ.

"ಮೊದಲು ಯಾವ ಬೀದಿ ಮಾಡ್ತಿದ್ದೆ ಗೊತ್ತಾ? ನಿಂದು. ಆರ್ಗನ್ ನುಡಿಸೋನು ಪೂಜೆಗೆ ಹೊತ್ತಿಗೆ ಸರಿಯಾಗಿ ಹೋಗ್ಲಿ ಅಂತ."

ಅವನು ನಕ್ಕನೋ ಬೈದನೋ ಹೇಳಲಾರೆ, ಎರಡೂ ಒಂದೇ ಉಸಿರಿನಲ್ಲಿ ಬಂತು. ನನ್ನ ಕಣ್ಣಲ್ಲಿ ನೀರಿತ್ತು, ಅದನ್ನು ಮುಚ್ಚಿಡುವುದಿಲ್ಲ. ಬೀಳ್ಕೊಡುಗೆಯ ಊಟದ ದಿನ ಹೊಯಿಂಗ್ ಅವರ ಮೇಜಿನಲ್ಲೇ ತನಗೊಂದು ಜಾಗ ಇರಿಸಬೇಕೆಂದು ಅವನು ಸಂಪಾದಕರಿಗೆ ನನ್ನಿಂದಲೇ ಹೇಳಿ ಕಳಿಸಿದ್ದಾನೆ. ಈ ಪುಟ ಅಚ್ಚಾಗುವವರೆಗೆ ಅವರಿಗೆ ಯಾವುದೂ ತಿಳಿಯದಂತೆ ನೋಡಿಕೊಂಡಿದ್ದೇವೆ. ಸುಳ್ಳು ಹೇಳುವ ವಿದ್ಯೆಯನ್ನು ನಾವೂ ಅವರಿಂದಲೇ ಕಲಿತವರು.

ಶ್ರೀಮತಿ ಹೊಯಿಂಗ್ ಅವರು ಆಯುರಾರೋಗ್ಯದಿಂದ ಬಹುಕಾಲ ಬಾಳಲಿ, ಅವರು ಕಪಾಟಿನಿಂದ ತೆಗೆದುಕೊಟ್ಟ ಶೂಗಳು ದೂರದೂರದ ವೇದಿಕೆಗಳಲ್ಲಿ ಸದ್ದು ಮಾಡುತ್ತಿರಲಿ ಎಂಬುದು ಊರಿನವರೆಲ್ಲರ ಹಾರೈಕೆ. ಅವರು ಸುಮ್ಮನೆ ಕೂರುವ ಜೀವವಲ್ಲವೆಂದು ಬಲ್ಲ ನಾನು ಒಂದು ಕೆಲಸವನ್ನೂ ಹುಡುಕಿಟ್ಟಿದ್ದೇನೆ. ಪ್ರತಿ ಮಂಗಳವಾರ ಸಂಜೆ ಚರ್ಚಿನ ಗಾಯನವೃಂದದ ಅಭ್ಯಾಸಕ್ಕೆ ನನಗೆ ಪುಟ ತಿರುವುವವರು ಬೇಕು, ಎರಡನೇ ಪುಟವನ್ನು ನಾನು ನೋಡಿದೆನೇ ಎಂದು ನೋಡುವವರು. ಎಡಬದಿಯಲ್ಲಿ ಕುರ್ಚಿ ಹಾಕಿಸಿದ್ದೇನೆ. ಬರುವ ಚಳಿಗಾಲ ಲಾರಿ ಮೊದಲು ಹೋಗುವುದು ಮಿಲ್ ರಸ್ತೆಗೆ, ಕೊನೆಗೆ ನನ್ನ ಬೀದಿಗೆ. ಗ್ಲೆನ್ ಕಡ್ಡಿ ಮುರಿದಂತೆ ಹೇಳಿದ್ದಾನೆ, ನಾನೂ ಒಪ್ಪಿದ್ದೇನೆ. ಮೊದಲ ಹಿಮ ಬಿದ್ದ ಮಂಗಳವಾರ ನಾನು ಉದ್ದನೆಯ ಬೂಟು ಹಾಕಿಕೊಂಡು, ಶೂಗಳನ್ನು ಚೀಲದಲ್ಲಿ ಹಿಡಿದು, ನಡೆದು, ತಡವಾಗಿ ಬರುತ್ತೇನೆ. ಅಷ್ಟರಲ್ಲಿ ಅವರು ಬಂದು ಆ ಕುರ್ಚಿಯಲ್ಲಿ ಕೂತಿರಲಿ.